ಕೋಣೆಯ ಸಂಗೀತ, ಮೈದಾನದ ಸ್ಪೀಕರ್: ನಾಲ್ವರ ತಂಡದ ಜೊತೆ ಆರು ದಿನ

ಚೆಲ್ಲೋ ಮಲಗಿದ್ದು ಅಪ್ಪರ್ ಬರ್ತಿನಲ್ಲಿ. ಅದನ್ನು ಬಾರಿಸುವ ಹುಡುಗಿ ರಾತ್ರಿಯಿಡೀ ಕೆಳಗೆ, ಗೆಳತಿಯ ಕಾಲ ಬಳಿ ಕುಳಿತೇ ಬಂದಿದ್ದಳು. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯಲ್ಲಿ ನಿಂತಾಗ ನನಗೆ ಮೊದಲು ಕಂಡದ್ದು ನಾಲ್ಕಡಿಗೂ ಎತ್ತರದ ಆ ಪೆಟ್ಟಿಗೆ. ಹಮಾಲ ಅದನ್ನು ಒಮ್ಮೆ ತಟ್ಟಿ, "ಇದರಾಗ ಏನದರೀ, ಫ್ರಿಜ್ಜಾ?" ಅಂತ ಕೇಳಿದ. ದೊಡ್ಡ ಪಿಟೀಲು ಅಂದೆ. ನಂಬಲಿಲ್ಲ.

ತಂಡ ಬೆಂಗಳೂರಿನದು. ಎರಡು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ಒಂದು ಚೆಲ್ಲೋ. ಸ್ಟ್ರಿಂಗ್ ಕ್ವಾರ್ಟೆಟ್ ಅನ್ನುತ್ತಾರೆ. ಫೆಬ್ರವರಿ ಎರಡನೇ ವಾರ, ಸೋಮವಾರದಿಂದ ಶನಿವಾರದವರೆಗೆ, ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಆರು ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗಾಗಿ ಬಾರಿಸುವುದು ಯೋಜನೆ. ದುಡ್ಡು ಒಂದು ಟ್ರಸ್ಟಿನದು. ಊರಿನ ಕಡೆಯ ಏರ್ಪಾಡು ನನ್ನ ಹೆಗಲಿಗೆ ಬಿತ್ತು. ನಾನು ಸಂಗೀತಗಾರನಲ್ಲ. ಕಾಲೇಜಿನಲ್ಲಿ ಪಾಠ ಮಾಡಿಕೊಂಡಿರುವವನು, ಶಾಲೆಗಳ ಪರಿಚಯ ಇದೆ, ಅಷ್ಟೇ. ಮುಂದೆ ಯಾರಾದರೂ ಈ ಕಡೆ ಇಂಥ ತಂಡ ಕರೆಸಿದರೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ತಪ್ಪುಗಳಲ್ಲಿ ದೊಡ್ಡದು ನನ್ನದೇ.

ಟ್ರಸ್ಟಿನ ಅರ್ಜಿಯಲ್ಲಿ 'ಫಲಾನುಭವಿಗಳ ಸಂಖ್ಯೆ' ಅಂತ ಒಂದು ಕಾಲಂ ಇತ್ತು. ಆರು ಶಾಲೆ, ಶಾಲೆಗೆ ಐನೂರು, ಒಟ್ಟು 3,000 ಅಂತ ಬರೆದೆ. ಬರೆಯುವಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಮುಖ್ಯ ಗುರುಗಳಿಗೆ ಫೋನ್ ಮಾಡಿ "ಎಲ್ಲಾ ಮಕ್ಕಳನ್ನೂ ಕೂಡಿಸ್ರಿ ಸರ್" ಅಂದೆ. ಅವರು ಕೂಡಿಸಿದರು.

ಶಾಮಿಯಾನ

ಸೋಮವಾರದ ಶಾಲೆ ಕಲಬುರಗಿ ನಗರದ್ದು. ತುಂಬಾ ಪ್ರೀತಿಯಿಂದ ಮಾಡಿದ್ದರು, ಅದನ್ನು ಮೊದಲೇ ಹೇಳಬೇಕು. ಮೈದಾನದಲ್ಲಿ ವೇದಿಕೆ, ಬ್ಯಾನರ್, ಗಣಪತಿ ಹಬ್ಬಕ್ಕೆ ತರಿಸುವಂಥ ಆಳೆತ್ತರದ ಸ್ಪೀಕರ್. ಆರುನೂರು ಮಕ್ಕಳು ಸಾಲಾಗಿ ಕುಳಿತಿದ್ದರು, ಬಿಸಿಲಲ್ಲಿ. ಶಾಮಿಯಾನ ವೇದಿಕೆಗೆ ಮಾತ್ರ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಆಮೇಲೆ ಮೂರು ಭಾಷಣ. ಹತ್ತೂವರೆಗೆ ಶುರುವಾಗಬೇಕಿದ್ದದ್ದು ಹನ್ನೊಂದೂಕಾಲಿಗೆ ಶುರುವಾಯಿತು.

ಆ ಮುಕ್ಕಾಲು ಗಂಟೆ ವಾದ್ಯಗಳು ಪೆಟ್ಟಿಗೆಯಿಂದ ಹೊರಗಿದ್ದವು. ನಮ್ಮ ಕಡೆ ಫೆಬ್ರವರಿ ಅಂದರೆ ಗೊತ್ತಲ್ಲ. ಬೆವರು ಬರುವುದಿಲ್ಲ, ತುಟಿ ಒಡೆಯುತ್ತದೆ. ಮರಕ್ಕೂ ಅದೇ ಗತಿ. ಮರ ಕುಗ್ಗಿತು, ಬಿರಡೆ ಸಡಿಲಾಯಿತು, ವಯೋಲಾದ ದಪ್ಪ ತಂತಿ ತಾನಾಗಿ ಜಾರಿ ಶ್ರುತಿ ಇಳಿಯಿತು. ಏರಿಸಿದರೆ ಮತ್ತೆ ಜಾರಿತು. ಗಾಳಿಗೆ ಸ್ವರಲಿಪಿಯ ಹಾಳೆಗಳು ಹಾರಿದವು. ಒಬ್ಬ ಟೀಚರ್ ಪಕ್ಕದ ಮನೆಗೆ ಓಡಿಹೋಗಿ ಬಟ್ಟೆ ಒಣಹಾಕುವ ಕ್ಲಿಪ್ ತಂದುಕೊಟ್ಟರು. ನಾಲ್ಕು ವಾದ್ಯಕ್ಕೆ ಎರಡು ಮೈಕು. ಒಂದು ವಯಲಿನ್ ಕಿವಿ ಸೀಳಿತು, ಚೆಲ್ಲೋ ಕೇಳಿಸಲೇ ಇಲ್ಲ, ನಡುನಡುವೆ ಸ್ಪೀಕರ್ ಕುಂಯ್ ಅಂತು.

ಅನಾಹುತ ಆದದ್ದು ಕೊನೆಗೆ. ಅದು ಅರ್ಥವಾಗಬೇಕಾದರೆ ಬಾರಿಸಿದ ಕೃತಿಯ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಅದು ಹೈಡನ್‌ನದು. 1732ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿ 1809ರಲ್ಲಿ ತೀರಿಕೊಂಡವನು. ಇಂಥ ನಾಲ್ಕು ವಾದ್ಯಗಳ ರಚನೆಗೆ ಹದ ತಂದುಕೊಟ್ಟವನು ಅವನೇ ಅನ್ನುತ್ತಾರೆ. 1781ರಲ್ಲಿ ಬರೆದ ಆರು ಕ್ವಾರ್ಟೆಟ್‌ಗಳ ಗುಂಪು ಓಪಸ್ 33, ಅಂದರೆ ಕೃತಿ ಸಂಖ್ಯೆ 33. ಅದರಲ್ಲಿ ಎರಡನೆಯದಕ್ಕೆ 'ಜೋಕ್' ಅಂತಲೇ ಅಡ್ಡಹೆಸರು. ಯಾಕೆಂದರೆ ಅದರ ಕೊನೆಯ ಭಾಗ ಕೇಳುವವರನ್ನು ಬೇಕೆಂದೇ ಏಮಾರಿಸುತ್ತದೆ. ಚುರುಕಾದ ಒಂದು ಧಾಟಿ, ಕುಣಿಯುವಂಥದ್ದು, ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದೇ ಧಾಟಿಯನ್ನು ನಾಲ್ಕು ತುಂಡು ಮಾಡಿ, ಒಂದೊಂದು ತುಂಡಿನ ನಡುವೆ ಸುಮ್ಮನಾಗಿಬಿಡುತ್ತಾರೆ. ಮುಗೀತು ಅಂದುಕೊಂಡರೆ ಮುಂದಿನ ತುಂಡು ಬರುತ್ತದೆ. ನಾಲ್ಕೂ ಆದಮೇಲೆ ಇನ್ನೂ ಉದ್ದದ ಮೌನ. ಈಗಂತೂ ಮುಗೀತು ಅನ್ನುವಾಗ ಮೊದಲ ತುಂಡನ್ನು ಮೆಲ್ಲಗೆ ಇನ್ನೊಮ್ಮೆ ಬಾರಿಸುತ್ತಾರೆ. ನಿಜವಾದ ಕೊನೆ ಅದು. ಮಾತು ಶುರುಮಾಡಿ ಅರ್ಧಕ್ಕೆ ಎದ್ದುಹೋದ ಹಾಗೆ.

ಮೊದಲ ತುಂಡು ಆಯಿತು. ಮೌನ ಬಂತು. ನಿರೂಪಕರು ಅದನ್ನೇ ಕಾಯುತ್ತಿದ್ದರು. ಮೈಕಿಗೆ ಬಂದು "ಜೋರಾದ ಚಪ್ಪಾಳೆ!" ಅಂದರು. ಆರುನೂರು ಮಕ್ಕಳು ತಟ್ಟಿದರು. ಶಾಲು, ಹಾರ ಹಿಡಿದುಕೊಂಡು ನಾಲ್ವರು ವೇದಿಕೆ ಹತ್ತಿದರು. ಎರಡನೇ ತುಂಡು ಬಾರಿಸಲು ಕಮಾನು ಎತ್ತಿದ್ದ ಮೊದಲ ವಯಲಿನ್‌ನವನ ಹೆಗಲ ಮೇಲೆ ಶಾಲು ಬಿತ್ತು. ಅವನು ಕಮಾನು ಇಳಿಸಿ ಕೈಮುಗಿದ. ಇನ್ನೇನು ಮಾಡ್ತಾನೆ, ಅಲ್ವಾ? ಹೈಡನ್‌ನ ಜೋಕು ಹಾಗೆ ಕಾಲು ಭಾಗಕ್ಕೇ ನಿಂತುಹೋಯಿತು.

ವಂದನಾರ್ಪಣೆ ನಡೆಯುವಾಗ ಮುಂದಿನ ಸಾಲಿನ ಒಬ್ಬ ಹುಡುಗ ನನ್ನ ಪ್ಯಾಂಟು ಜಗ್ಗಿ ಕೇಳಿದ: "ಸರ್, ಡಾನ್ಸ್ ಯಾವಾಗ್ರಿ?"

ಲಾಡ್ಜಿನ ರೂಮು

ರಾತ್ರಿ ಲಾಡ್ಜಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ತಂದಿದ್ದೆ. ಊಟ ಆದಮೇಲೆ ತಾಲೀಮು ಮಾಡ್ತೀವಿ ಅಂತ ಎರಡು ಮಂಚ ಗೋಡೆಗೆ ಸರಿಸಿ ಕುಳಿತರು. ನಾನು ಬಾಗಿಲ ಬಳಿ ನಿಂತಿದ್ದೆ, ಮೂರಡಿ ದೂರದಲ್ಲಿ. ಬೆಳಿಗ್ಗೆ ಕೇಳಿದ್ದ ಅದೇ ಕೃತಿ. ಆದರೆ ಈಗ ಕಮಾನು ತಂತಿಯನ್ನು ಕಚ್ಚುವ ಸದ್ದು ಕೇಳಿಸಿತು. ಬಾರಿಸುವ ಮುಂಚೆ ಮೊದಲ ವಯಲಿನ್‌ನವನು ಮೂಗಿನಿಂದ ಉಸಿರೆಳೆದುಕೊಳ್ಳುತ್ತಾನೆ, ಆ ಉಸಿರಿಗೇ ಉಳಿದ ಮೂವರು ಕೈ ಎತ್ತುತ್ತಾರೆ. ಅದನ್ನು ಬೆಳಿಗ್ಗೆ ಯಾರು ನೋಡಿದ್ದರು? ಚೆಲ್ಲೋದ ತಗ್ಗಿನ ಸ್ವರಕ್ಕೆ ಟೇಬಲ್ ಮೇಲಿದ್ದ ಸ್ಟೀಲ್ ಲೋಟ ಜುಂ ಅಂತು. ರೂಮ್ ಬಾಯ್ ನೀರು ತಂದವನು ಹೋಗಲೇ ಇಲ್ಲ.

ಆಗ ವಯೋಲಾದವಳು ಹೇಳಿದಳು. ಇದರ ಹೆಸರೇ ಚೇಂಬರ್ ಮ್ಯೂಸಿಕ್, ಅಂದರೆ ಕೋಣೆಯ ಸಂಗೀತ. ಮನೆಯ ಕೋಣೆಗಳಲ್ಲಿ ಬಾರಿಸಲಿಕ್ಕೆ, ಹತ್ತಿರ ಕೂತು ಕೇಳಲಿಕ್ಕೆ ಬರೆದದ್ದು. "ನಾವು ಇದನ್ನ ಗ್ರೌಂಡಿಗೆ ತಗೊಂಡೋದ್ವಿ ಸರ್."

ಒಯ್ದದ್ದು ನಾನು. 3,000 ಅನ್ನುವ ಸಂಖ್ಯೆ ಒಯ್ದದ್ದು.

ಆ ರಾತ್ರಿಯೇ ತೀರ್ಮಾನ ಮಾಡಿದೆವು. ತರಗತಿ ಕೋಣೆಯಲ್ಲಿ ಬಾರಿಸೋದು. ಒಂದು ಸಲಕ್ಕೆ ಅರವತ್ತು ಮಕ್ಕಳ ಮೇಲೆ ಬೇಡ. ಮೈಕು ಇಲ್ಲ, ವೇದಿಕೆ ಇಲ್ಲ, ಶಾಲು ಇಲ್ಲ. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ, ಬೇಕಾದರೆ ಎರಡು ಮೂರು ಸಲ ಬಾರಿಸೋದು.

ನಮಗೆ ಸರಿ ಅನ್ನಿಸಿದ್ದು ಶಾಲೆಗೆ ಸರಿ ಅನ್ನಿಸಬೇಕಲ್ಲ. ಬೆಳಿಗ್ಗೆ ಆರಕ್ಕೆ ಮುಂದಿನ ಶಾಲೆಗೆ ಫೋನ್ ಮಾಡಿದೆ. ಮುಖ್ಯ ಗುರುಗಳು ಪೂರ್ತಿ ಕೇಳಿಸಿಕೊಂಡು, "ಉಳಿದ ಹುಡುಗ್ರಿಗೆ ಏನ್ ಹೇಳ್ಲಿರಿ ಸರ್? ನಿಮಗ ಕೇಳಿಸಂಗಿಲ್ಲ ಅಂತ ಹೇಳ್ಲೇನು?" ಅಂದರು. ಅವರ ಮಾತು ಖರೆ. ನಮ್ಮ ಕಡೆಯ ಹಳ್ಳಿ ಶಾಲೆಗೆ ಹೊರಗಿನಿಂದ ಯಾರಾದರೂ ಬರೋದೇ ಅಪರೂಪ. ಬಂದದ್ದನ್ನು ಅರ್ಧ ಮಕ್ಕಳಿಗೆ ತೋರಿಸಿ ಅರ್ಧ ಮಕ್ಕಳಿಗೆ ಬಾಗಿಲು ಹಾಕುವುದು ಯಾವ ನ್ಯಾಯ? ಇದಕ್ಕೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಇನ್ನೊಂದು ಒತ್ತಡ ಫಲಿತಾಂಶದ್ದು. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಜಿಲ್ಲೆ ಕೊನೆಗೆ ಬಂತು, 2025ರಲ್ಲಿ ಕಲಬುರಗಿ. ಹೈಸ್ಕೂಲುಗಳಲ್ಲಿ ಫೆಬ್ರವರಿ ಅಂದರೆ ಹತ್ತನೇ ತರಗತಿಯವರ ಮುಖ ನೋಡಲೂ ಬಿಡುವುದಿಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ. "ಹತ್ತನೇದವ್ರನ್ನ ಮಾತ್ರ ಕೇಳಬ್ಯಾಡ್ರಿ" ಅಂತ ಎಲ್ಲ ಕಡೆ ಒಂದೇ ಮಾತು. ಯಾದಗಿರಿಯಲ್ಲಿ ಒಬ್ಬ ಗಣಿತದ ಮೇಡಂ ಮಾತ್ರ ತಾವಾಗಿ ಕರೆದುಕೊಂಡು ಬಂದರು. "ಇಪ್ಪತ್ತು ನಿಮಿಷ ತಲಿ ಹಗುರಾಗ್ಲಿ. ಆಮ್ಯಾಲ ತ್ರಿಕೋನಮಿತಿ ಅದ."

ಜೇವರ್ಗಿ ಕಡೆ

ಮಂಗಳವಾರ ಅರ್ಧ ಗೆದ್ದೆವು ಅನ್ನಬಹುದು. ಕಟ್ಟಿಸಂಗಾವಿಯ ಸೇತುವೆ ದಾಟಿ ಕ್ರೂಸರ್ ಜೇವರ್ಗಿ ಕಡೆ ಹೊರಟಾಗ ಹೊಲದಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು. ಡ್ರೈವರ್ ಕಾಕಾ ಗಾಡಿ ನಿಲ್ಲಿಸಿ ಸೀತನಿ, ಅಂದರೆ ಸುಟ್ಟ ಎಳೆಜೋಳ, ತಿನ್ನಿಸಿದ. ಶಾಲೆಯಲ್ಲಿ ಮೈಕು ಬಿಟ್ಟರು, ವರಾಂಡಾಕ್ಕೆ ಒಪ್ಪಿದರು, ಆದರೆ ಇನ್ನೂರು ಮಕ್ಕಳು. ಮುಂದಿನ ಎಂಟು ಸಾಲಿಗೆ ಕೇಳಿಸಿತು. ಹಿಂದಿನವರಿಗೆ ಬಿಸಿಯೂಟದ ಒಗ್ಗರಣೆ ವಾಸನೆ ಬಂತು, ಅಷ್ಟೇ.

ಆ ಊರಲ್ಲಿ ಆದ ಒಂದು ಸಂಗತಿ ಬರೆಯಲೇಬೇಕು. ಬಿಸಿಯೂಟದ ಅಡುಗೆಯಮ್ಮನ ಗಂಡ ಭಜನಾ ಮಂಡಳಿಯವರು. ತತ್ವಪದಕಾರ ಕಡಕೋಳ ಮಡಿವಾಳಪ್ಪನ ಸೀಮೆ ಅದು, ತತ್ವಪದ ಹಾಡುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಕಾರ್ಯಕ್ರಮ ಮುಗಿದಮೇಲೆ ಏಕತಾರಿ ಹಿಡಿದು ಬಂದರು. "ನಾ ಒಂದು ಹಾಡ್ತೀನಿ, ನಿಮ್ಮ ದೊಡ್ಡ ಪಿಟೀಲು ಶ್ರುತಿ ಹಿಡೀಲಿ" ಅಂದರು. ಅವರ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಚೆಲ್ಲೋದ ತಂತಿಗಳು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮನೆಗಳವು, ಕಪ್ಪು ಒಂದು ಖಾಲಿ ತಂತಿಯಲ್ಲಿ ಸಿಗುವುದಿಲ್ಲ. ಒಂದೇ ಬೆರಳು ಒತ್ತಿಹಿಡಿದು ಹುಡುಗಿ ಹತ್ತು ನಿಮಿಷ ಕಮಾನು ಎಳೆದಳು. ಬೆರಳಲ್ಲಿ ಗೆರೆ ಬಿದ್ದಿತ್ತು. ವಯಲಿನ್‌ನವನು ಹಿಂದೆ ಹಿಂದೆ ಬಾರಿಸಲು ನೋಡಿದಾಗ ಅವರು ಹಾಡು ನಿಲ್ಲಿಸಿಯೇ ತಿದ್ದಿದರು: "ಸ್ವರ ಹಂಗ ನೆಟ್ಟಗ ನಿಲ್ಲಿಸಬ್ಯಾಡ್ರಿ ತಮ್ಮಾ. ಸ್ವಲ್ಪ ಜಗ್ರಿ, ಜಗ್ರಿ." ಚೆನ್ನಾಗಿ ಬಂತೇ ಅಂದರೆ ಬರಲಿಲ್ಲ. ಇಂಥ ಕೂಡಾಟಗಳನ್ನು ಜನ ಸುಮ್ನೆ ಹೊಗಳುತ್ತಾರೆ. ಆದರೆ ಇಡೀ ದಿನದಲ್ಲಿ ಆ ನಾಲ್ವರಿಗೆ ಯಾರಾದರೂ ಏನಾದರೂ ಕಲಿಸಿದ್ದರೆ ಅದು ಅಲ್ಲೇ.

ಫರ್ಸಿಯ ಕೋಣೆ

ಬುಧವಾರ ಶಹಾಪುರದ ಹತ್ತಿರದ ಹಳ್ಳಿ. ದಾರಿಯಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ ಸಿಕ್ಕಿತು, ಎಲ್ಲರೂ ಇಳಿದು ಫೋಟೋ ತೆಗೆದುಕೊಂಡರು. ಇಲ್ಲಿಯ ಮುಖ್ಯ ಗುರುಗಳು ಹೆಂಗಸು. ಫೋನಿನಲ್ಲಿ ಜಾಸ್ತಿ ಮಾತಾಡದೆ "ಆರು, ಏಳು, ಎಂಟು. ಮೂರು ಕ್ಲಾಸು, ಮೂರು ಸಲ. ಸಾಕಲ್ರೀ?" ಅಂದಿದ್ದರು. ಜಾಣ ಮಕ್ಕಳನ್ನು ಆರಿಸಿ ಕೂಡಿಸುವ ಮಾತೇ ಇಲ್ಲ. ಕ್ಲಾಸು ಅಂದರೆ ಪೂರ್ತಿ ಕ್ಲಾಸು.

ಕೋಣೆಗೆ ಶಹಾಬಾದ್ ಫರ್ಸಿ ಕಲ್ಲಿನ ಹಾಸು. ಖಾಲಿ ಇದ್ದಾಗ ಒಂದು ಸಲ ಬಾರಿಸಿ ನೋಡಿದರು. ಕಲ್ಲು, ಸಿಮೆಂಟು ಗೋಡೆ, ಸದ್ದು ಎಲ್ಲ ಕಡೆಯಿಂದ ವಾಪಸ್ ಬಂದು ಕಲಸಿಹೋಯಿತು. ನನಗೆ ಹೊಟ್ಟೆ ಧಸಕ್ ಅಂತು. ಆಮೇಲೆ ಐವತ್ತೆಂಟು ಮಕ್ಕಳು ಬಂದು ಕುಳಿತರು. ಅದೇ ಸದ್ದು ಹದಕ್ಕೆ ಬಂತು. ಮೈಯಿ, ಬಟ್ಟೆ, ಶಾಲಾ ಚೀಲ ಎಲ್ಲ ಸೇರಿ ಗದ್ದಲವನ್ನು ಹೀರಿಕೊಂಡವು.

ಫರ್ಸಿಯ ಇನ್ನೊಂದು ತೊಂದರೆ ನಾವು ಯೋಚಿಸಿರಲಿಲ್ಲ. ಚೆಲ್ಲೋ ನಿಲ್ಲುವುದು ಕೆಳಗಿನ ಒಂದು ಕಬ್ಬಿಣದ ಕಡ್ಡಿಯ ಮೊನೆಯ ಮೇಲೆ. ವರ್ಷಾನುಗಟ್ಟಲೆ ಮಕ್ಕಳು ತುಳಿದು ನುಣುಪಾದ ಕಲ್ಲು. ಕಮಾನು ಎಳೆದರೆ ವಾದ್ಯವೇ ಮುಂದಕ್ಕೆ ಜಾರುತ್ತಿತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗ ಎದ್ದು ಹೊರಗೆ ಹೋಗಿ ತನ್ನ ಹವಾಯಿ ಚಪ್ಪಲಿ ತಂದ. "ಇದರಾಗ ಚುಚ್ಚರಿ ಅಕ್ಕಾ, ಜಾರಂಗಿಲ್ಲ." ಸರಿಯಾದ ಉಪಾಯ. ಹುಡುಗಿ ಕೈಚಾಚಿಯೂ ಬಿಟ್ಟಳು. ಅಷ್ಟರಲ್ಲಿ ಕನ್ನಡದ ಮೇಷ್ಟ್ರು, "ಏ, ವಾದ್ಯದ ಕೆಳಗ ಚಪ್ಪಲಿ ಇಡ್ತಾರೇನಲೇ? ಸರಸ್ವತಿ ಅದ ಅದು!" ಅಂತ ಗದರಿದರು. ಹುಡುಗನ ಮುಖ ಸಣ್ಣಗಾಯಿತು. ಚಪ್ಪಲಿ ವಾಪಸ್ ಇಟ್ಟು ಓಡಿದ. ಎರಡು ನಿಮಿಷಕ್ಕೆ ಬಂದಾಗ ಕೈಯಲ್ಲಿ ಹಳೆ ಸೈಕಲ್ ಟೈರಿನ ತುಂಡು. ಟೈರು ನಡೀತದೆ, ಚಪ್ಪಲಿ ನಡೆಯೋದಿಲ್ಲ. ಎರಡೂ ರಬ್ಬರ್ ಅಂತ ಯಾರೂ ವಾದ ಮಾಡಲಿಲ್ಲ. ಚೆಲ್ಲೋ ಗಟ್ಟಿ ನಿಂತಿತು. ಆ ತುಂಡು ಬೆಂಗಳೂರಿಗೂ ಹೋಗಿದೆ.

ಮಕ್ಕಳು ಅರ್ಧ ಚಂದ್ರಾಕಾರದಲ್ಲಿ ಕುಳಿತಿದ್ದರು. ಮುಂದಿನವರ ಮೊಣಕಾಲು ವಾದಕರ ಕುರ್ಚಿಗೆ ತಾಗುತ್ತಿತ್ತು. ಭಾಷಣ ಇಲ್ಲ. ಚೆಲ್ಲೋದವಳು ಒಂದೇ ಮಾತು ಹೇಳಿದಳು: "ಈ ಸಂಗೀತದಲ್ಲಿ ಒಂದು ತಮಾಷೆ ಇದೆ. ಎಲ್ಲಿ ಅಂತ ಹೇಳಲ್ಲ." ಬಾರಿಸಿದರು. ಮೊದಲ ಮೌನಕ್ಕೆ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಎರಡನೇ ತುಂಡು ಬಂದಾಗ ಕೈಗಳು ಗಾಳಿಯಲ್ಲೇ ನಿಂತವು. ಎರಡನೇ ಮೌನಕ್ಕೆ ನಾಲ್ಕೈದು ಜನ ತಟ್ಟಿದರು, ಪಕ್ಕದವರು ಅವರ ಕೈ ಹಿಡಿದರು. ಮೂರನೆಯದಕ್ಕೆ ಯಾರೂ ಇಲ್ಲ. ನಾಲ್ಕನೇ ತುಂಡು ಆದಮೇಲೆ ಆ ಉದ್ದದ ಮೌನ. ಫ್ಯಾನಿನ ಕಿರ್ ಕಿರ್ ಕೇಳಿಸುತ್ತಿತ್ತು. ಹೊರಗೆ ಯಾರೋ ಬೋರ್‌ವೆಲ್ ಹ್ಯಾಂಡಲ್ ಹೊಡೆಯುತ್ತಿದ್ದರು. ಐವತ್ತೆಂಟು ಮಕ್ಕಳು ಕಮಾನಿನ ತುದಿ ನೋಡುತ್ತಿದ್ದರು. ಮೆಲ್ಲಗೆ ಮೊದಲ ತುಂಡು ಬಂತು, ನಿಂತಿತು.

ಯಾರೂ ಅಲುಗಲಿಲ್ಲ. ವಾದಕರೂ ಅಲುಗಲಿಲ್ಲ, ತುಂಟರು. ಕೊನೆಗೆ ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಪಿಸುಗುಟ್ಟಿದಳು: "ಮುಗೀತೇನ್ರಿ?"

ಆಗ ಬಿದ್ದ ನಗುವಿಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಓಡಿಬಂದರು.

ಮುಂದಿನ ಕ್ಲಾಸು ಬರುವಷ್ಟರಲ್ಲಿ ಗುಟ್ಟು ರಟ್ಟಾಗಿರುತ್ತದೆ ಅಂದುಕೊಂಡೆ. ಆಗಿರಲಿಲ್ಲ. ಏಳನೆಯವರು ಎಂಟನೆಯವರಿಗೆ ಬೇಕೆಂದೇ ಹೇಳಿರಲಿಲ್ಲ. ಹೊರಗೆ ಕಿಟಕಿಗೆ ಜೋತುಬಿದ್ದು ಅವರು ಏಮಾರುವುದನ್ನು ನೋಡಿ ನಕ್ಕರು. ನಾಲ್ಕು ಐದನೆಯ ಪುಟ್ಟವರೂ ಕಿಟಕಿಯಲ್ಲೇ ಇದ್ದರು. ಉಳಿದ ಮಕ್ಕಳಿಗೆ ಏನು ಹೇಳೋದು ಅನ್ನುವ ಮಂಗಳವಾರದ ಪ್ರಶ್ನೆಗೆ ಅಷ್ಟರಮಟ್ಟಿಗೆ ಅಲ್ಲೊಂದು ಉತ್ತರ ಸಿಕ್ಕಿತು. ಕೋಣೆ ಸಣ್ಣದಾದರೂ ಕಿಟಕಿ ತೆರೆದಿರಲಿ. ಆಮೇಲಿನ ಎಲ್ಲ ಶಾಲೆಗಳಲ್ಲೂ ಹಾಗೇ ಮಾಡಿದೆವು.

ಬಿರುಕು

ಗುರುವಾರ ಯಾದಗಿರಿ. ಬೆಳಿಗ್ಗೆ ಪೆಟ್ಟಿಗೆ ತೆಗೆದಾಗ ವಯೋಲಾ ಝರ್ ಅಂತು. ಕೆಳಗಿನ ಸೊಂಟದ ಕಡೆ ಹಿಂಬದಿ ಹಲಗೆ ಅಂಟು ಬಿಟ್ಟಿತ್ತು, ಒಂದು ಬೆರಳು ಉದ್ದ. ಪೆಟ್ಟಿಗೆಯೊಳಗಿನ ತೇವಾಂಶದ ಮಾಪಕ ಶೇಕಡಾ 22 ತೋರಿಸುತ್ತಿತ್ತು. ಈ ವಾದ್ಯಗಳಿಗೆ 40ರಿಂದ 60 ಇರಬೇಕು. ಇವನ್ನು ಅಂಟಿಸುವುದು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ ಸರೇಸಿನಿಂದ. ಮರ ಕುಗ್ಗಿ ಜಗ್ಗಿದಾಗ ಮರ ಸೀಳುವ ಬದಲು ಅಂಟು ಬಿಡಲಿ ಅಂತಲೇ ಹಾಗೆ ಮಾಡುತ್ತಾರಂತೆ. ಹತ್ತಿರದ ಬಡಿಗರು ಫೆವಿಕಾಲ್ ಡಬ್ಬಿ ಹಿಡಿದು ಸಿದ್ಧವಾಗಿದ್ದರು. ವಯೋಲಾದವಳು ವಾದ್ಯವನ್ನು ಮಗುವಿನ ಹಾಗೆ ಅವುಚಿಕೊಂಡು "ಬೇಡ ಅಂಕಲ್, ದಯವಿಟ್ಟು ಬೇಡ" ಅಂದಳು. ಫೆವಿಕಾಲ್ ಹಾಕಿದರೆ ಮತ್ತೆ ಬಿಚ್ಚಲಿಕ್ಕೆ ಬರೋದಿಲ್ಲ. ಕೊನೆಗೆ ಟೇಪು ಸುತ್ತಿ ಬಾರಿಸಿದರು.

ಆ ಸಂಜೆ ಬಜಾರಿನಲ್ಲಿ ನಾಲ್ಕು ಪ್ಲಾಸ್ಟಿಕ್ ಸೋಪಿನ ಡಬ್ಬಿ, ನಾಲ್ಕು ಸ್ಪಂಜು ತಂದೆ. ಡಬ್ಬಿಗೆ ಕಾಸಿದ ಮೊಳೆಯಿಂದ ತೂತು ಹಾಕಿ, ಸ್ಪಂಜು ಒದ್ದೆ ಮಾಡಿ ಹಿಂಡಿ ಒಳಗಿಟ್ಟು, ಒಂದೊಂದನ್ನು ಒಂದೊಂದು ಪೆಟ್ಟಿಗೆಯಲ್ಲಿ ಇಟ್ಟೆವು. ಮರುದಿನ ಮಾಪಕ 41. ಇದನ್ನು ಸೋಮವಾರವೇ ಮಾಡಬೇಕಿತ್ತು. ಬರುವವರು ಕೇಳದಿದ್ದರೂ ನಾವು ಹೇಳಬೇಕಿತ್ತು, ಒಣ ಗಾಳಿ ನಮ್ಮೂರಿನದಲ್ಲವೇ.

ಬೀದರಿನ ಎರಡು ದಿನ ಸಲೀಸಾಗಿ ಹೋದವು. ಕೆಂಪು ಮಣ್ಣಿನ ಊರು, ಬೆಳಗಿನ ಹೊತ್ತು ತಂಪು. ಒಂದು ಶಾಲೆಯಲ್ಲಿ ಕನ್ನಡ, ಉರ್ದು, ಮರಾಠಿ ಮನೆಮಾತಿನ ಮಕ್ಕಳು ಕೂಡಿದ್ದರು. ಕನ್ನಡದಲ್ಲಿ ಹೇಳಿದ್ದು ಅರ್ಧ ಜನಕ್ಕೆ ಹೋಗಲಿಲ್ಲ. ಚೆಲ್ಲೋದವಳು ತನ್ನ ಒಂದೇ ಮಾತನ್ನೂ ಬಿಟ್ಟುಬಿಟ್ಟಳು. ಏನೂ ವ್ಯತ್ಯಾಸ ಆಗಲಿಲ್ಲ. ಎರಡನೇ ಮೌನಕ್ಕೇ ಮೂರು ಭಾಷೆಯ ಮಕ್ಕಳೂ ಉಸಿರು ಹಿಡಿದಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಕೋಟೆ ನೋಡಿ, ರಾತ್ರಿ ಬೀದರಿನಿಂದಲೇ ರೈಲು ಹತ್ತಿಸಿದೆ. ಈ ಸಲ ಚೆಲ್ಲೋಗೆ ಬೇರೆ ಟಿಕೆಟ್ ತೆಗೆಸಿದ್ದೆ.

ಅರ್ಜಿಯ ಕಾಲಂ

ವರದಿ ಬರೆಯುವಾಗ ಕೂಡಿಸಿದೆ. ಸೋಮವಾರ 600, ಮಂಗಳವಾರ 200, ಬುಧವಾರ 174, ಗುರುವಾರ 120, ಶುಕ್ರವಾರ 150, ಶನಿವಾರ 70. ಒಟ್ಟು 1,314. ಹೇಳಿದ್ದರ ಅರ್ಧವೂ ಇಲ್ಲ. ನನ್ನ ಲೆಕ್ಕದಲ್ಲಿ ಸೋಮವಾರದ್ದನ್ನು ತೆಗೆದರೆ 714. ಕಿಟಕಿಯಲ್ಲಿದ್ದವರನ್ನು ಎಣಿಸಿಲ್ಲ, ಅವರಿಗೆ ಕಾಲಂ ಇರಲಿಲ್ಲ. ಟ್ರಸ್ಟಿನವರು ಫೋನ್ ಮಾಡಿ ಸಂಖ್ಯೆ ಯಾಕೆ ಕಮ್ಮಿ ಅಂತ ಕೇಳಿದರು. ಶಾಲು ಹೊದಿಸಿದ ಕಥೆ ಹೇಳಿದೆ. ನಕ್ಕರು. ಮುಂದಿನ ವರ್ಷದ ದುಡ್ಡಿನ ಬಗ್ಗೆ ಏನೂ ಹೇಳಲಿಲ್ಲ.

ಮೂರು ವಾರ ಕಳೆದಮೇಲೆ ಶಹಾಪುರದ ಆ ಹಳ್ಳಿಯ ಕನ್ನಡ ಮೇಷ್ಟ್ರು ಫೋನ್ ಮಾಡಿದರು. ಚಪ್ಪಲಿಗೆ ಗದರಿದವರೇ. ಯಾವುದೋ ಪರೀಕ್ಷಾ ಕೆಲಸದ ಮಾತು ಮುಗಿಸಿ, ಆಮೇಲೆ ದೂರು ಹೇಳುವ ದನಿಯಲ್ಲಿ ಅಂದರು: "ನೀವು ಬಂದು ಹೋದಾಗಿಂದ ಏಳನೇದವ್ರ ಕಾಟ ಜಾಸ್ತಿ ಆಗ್ಯದ ನೋಡ್ರಿ. ಪದ್ಯ ಹೇಳು ಅಂದ್ರ ನಡುವ ನಿಂತು ನನ್ನ ಮುಖ ನೋಡ್ತಾವ. ಮರೀತೇನೋ ಅಂತ ನಾ ಬಾಯಿ ತೆರೆಯೋದ್ರಾಗ ಮತ್ತ ಶುರು ಮಾಡ್ತಾವ. ನಿನ್ನೆ ಒಬ್ಬಾಕಿ ಪೂರ್ತಿ ಪದ್ಯ ಹೇಳಿದಳು. ಶಾಣ್ಯಾ ಇದ್ದಿ, ಕುಂದ್ರು ಅಂದೆ. ಕುಂತು, ಪುಸ್ತಕ ತೆಗೆದು, ಸಣ್ಣ ದನಿಯಾಗ ಮೊದಲನೇ ಸಾಲು ಇನ್ನೊಮ್ಮೆ ಹೇಳಿದಳ್ರಿ."